ಓದುವ ಕೋಣೆಯ ಹಸೆ

೧೯೫೮ನೇ ಇಸವಿ ಜನವರಿ ೨೦, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಸೊರಬದ ಪೇಟೆಯಂಚಿನ ಒಂದು ಹೈಸ್ಕೂಲಿನ ಓದುವ ಕೋಣೆಯಲ್ಲಿ ವಿಜ್ಞಾನದ ಮೇಷ್ಟ್ರು ಸದಾಶಿವಪ್ಪ ಪುಸ್ತಕಗಳ ಪಟ್ಟಿ ತಾಳೆ ನೋಡುತ್ತಿದ್ದರು. ಹೆಗಲ ಕಂಬಳಿಯನ್ನೂ ಇಳಿಸದೆ ಒಳಗೆ ಬಂದವನು ಕುಬಟೂರಿನ ಹನುಮಂತಪ್ಪ, ಎಸ್ಸೆಸ್ಸೆಲ್ಸಿ ಕ್ಲಾಸಿನ ತುಂಗಮ್ಮನ ಅಪ್ಪ. ಬಂದವನು ಮೇಷ್ಟ್ರನ್ನು ನೋಡಲಿಲ್ಲ. ಮೂಡಣ ಗೋಡೆಯನ್ನೇ ನೋಡುತ್ತ ನಿಂತ.

“ಮದಿವೆ ಯಾವತ್ತು ಇಟ್ಕಂಡೀರಿ ಮೇಷ್ಟ್ರೇ?”

“ಯಾರ ಮದುವಿ ರೀ?”

“ನನ್ನ ಮಗಳದ್ದು. ಸಂತೇಲಿ ನಾಕು ಜನ ಕೇಳಿದ್ರು. ಹೆತ್ತ ಅಪ್ಪಂಗೆ ಒಂದು ಮಾತು ಹೇಳಾದಲ್ವಾ, ಅಂತ ಕೇಳಕ್ಕೆ ಬಂದೆ.”

ಸದಾಶಿವಪ್ಪನವರಿಗೆ ತಲೆಬುಡ ತಿಳಿಯಲಿಲ್ಲ. ಶಿಕಾರಿಪುರದ ವ್ಯಾಪಾರಸ್ಥರ ಮನೆಯಲ್ಲಿ ಹುಟ್ಟಿ, ಮೈಸೂರಿನಲ್ಲಿ ಬಿ.ಎಸ್ಸಿ. ಮಾಡಿ ಬಂದವರು ಅವರು. ಚಿತ್ರ, ಕವಿತೆ ಅವರ ವಿಷಯವಲ್ಲ. ಓದಲು ಕೂತ ಮಕ್ಕಳು ಬೋಳು ಗೋಡೆ ನೋಡಿ ಆಕಳಿಸುತ್ತಾರೆ, ಅವರೇ ಬರೆದದ್ದನ್ನು ಅವರ ಕಣ್ಣೆದುರು ತೂಗುಹಾಕೋಣ ಎಂದವರು ಹೆಡ್‌ಮಾಸ್ತರು. ಲೈಬ್ರರಿ ನೋಡಿಕೊಳ್ಳುತ್ತಿದ್ದ ಕಾರಣಕ್ಕೆ ಆ ಕೆಲಸ ಸದಾಶಿವಪ್ಪನವರ ತಲೆಗೆ ಬಂತು. ಗುಣ ತೂಗುವುದು ಅವರಿಗೆ ಗೊತ್ತಿರಲಿಲ್ಲ, ಅಳೆಯುವುದು ಗೊತ್ತಿತ್ತು. ಬಂದದ್ದು ಹನ್ನೆರಡು ಚಿತ್ರ, ಹನ್ನೆರಡು ಕವಿತೆ. ಸುಣ್ಣ ಕಾಗದಕ್ಕೆ ಮೆತ್ತಿಕೊಳ್ಳುತ್ತದೆಂದು ಮೊದಲು ಗೋಡೆಗೆ ಕೆಮ್ಮಣ್ಣು ಸಾರಿಸಿದರು. ಆಮೇಲೆ ಪ್ರತಿ ಚಿತ್ರದ ಕೆಳಗೆ ಅದರಷ್ಟೇ ಅಗಲದ ಒಂದು ಕವಿತೆ. ಎಲ್ಲಕ್ಕಿಂತ ದೊಡ್ಡದು ತುಂಗಮ್ಮನ ಚಿತ್ರ, ಇಪ್ಪತ್ತೆರಡು ಅಂಗುಲ. ಅದಕ್ಕೆ ಬೆಳಕು ಬೀಳುವ ಮೂಡಣ ಗೋಡೆಯ ನಟ್ಟನಡುವೆ ಜಾಗ. ಇಪ್ಪತ್ತೆರಡು ಅಂಗುಲದ ಕವಿತೆ ಇದ್ದದ್ದು ಬಳ್ಳಿಗಾವಿಯ ಹುಡುಗ ವೀರಬಸಪ್ಪನದು ಒಂದೇ. ಕಾರ್ಡು ಉಳಿಯಲೆಂದು ಜೋಡಿಗೊಂದೇ ಕಾರ್ಡಿನಲ್ಲಿ, ಪ್ರಯೋಗಶಾಲೆಯ ಸೀಸೆಗಳಿಗೆ ಬರೆಯುವಂತೆ, ಇಬ್ಬರ ಹೆಸರನ್ನೂ ಅಕ್ಕಪಕ್ಕ ಬರೆದು ಅಂಟಿಸಿದರು.

“ಎಂಥ ಬರ್ದಾಳೆ ನೋಡಿ ನನ್ನ ಮಗಳು,” ಎಂದ ಹನುಮಂತಪ್ಪ. “ಹಸೆ. ನಮ್ಮಲ್ಲಿ ಮದಿವೆ ಮನೆ ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಲ್ಲಿ ಇದನ್ನ ಬರೀತಾರೆ. ಅದರ ಬುಡಕ್ಕೆ ಹೆಣ್ಣುಗಂಡು ಕೂರ್ತಾರೆ. ನೀವು ಗೋಡೆ ಕೆಂಪು ಮಾಡೀರಿ, ಹಸೆ ಇಟ್ಟೀರಿ, ಬುಡಕ್ಕೆ ಹೆಣ್ಣುಗಂಡನ್ನ ಕೂರಿಸೀರಿ. ಇನ್ನು ವಾಲಗದೋರು ಬರಾದು ಒಂದೇ ಬಾಕಿ!”

ಪೇಟೆಯವರು ಸಂಜೆ ಪೇಪರ್ ಓದಲು ಬರುವುದು ಇದೇ ಕೋಣೆಗೆ. ಸುದ್ದಿ ಕುಬಟೂರು ಮುಟ್ಟಿದ ಬಗೆ ಮೇಷ್ಟ್ರಿಗೆ ಈಗ ಹೊಳೆಯಿತು.

“ಇದು ಅಗಲ ನೋಡಿ ಜೋಡಿಸಿದ್ದು, ಹನುಮಂತಪ್ಪನೋರೇ. ಬೇರೆ ಏನೂ ಇಲ್ಲ.”

“ನಿಮಗೆ ಅಗಲ. ಊರೋರ ಬಾಯಿಗೆ ಅಗಲ ಎಲ್ಲಿದೆ? ನಾಳಿಂದ ಹುಡುಗಿ ಬರಾದಿಲ್ಲ. ಹಾಜರಿಯಿಂದ ಹೆಸರು ತೆಗೀರಿ.”

ಪರೀಕ್ಷೆಗೆ ಒಂಬತ್ತು ವಾರ ಇತ್ತು. ಇಡೀ ಕ್ಲಾಸಿನಲ್ಲಿ ತಕ್ಕಡಿಯ ತೂಕವನ್ನು ಸರಿಯಾಗಿ ಓದುತ್ತಿದ್ದವಳು ತುಂಗಮ್ಮ ಒಬ್ಬಳೇ. ಸದಾಶಿವಪ್ಪ ಗಡಬಡಿಸಿ ಎದ್ದು ಚಿತ್ರಕ್ಕೆ ಕೈ ಹಾಕಿದರು.

“ಮುಟ್ಟಬ್ಯಾಡ್ರೀ!” ಹನುಮಂತಪ್ಪ ಕೂಗಿದ. “ಗೋಡೆಗೇರಿದ ಹಸೆ ಕಿತ್ತರೆ ಹುಡುಗಿಗೆ ಒಳ್ಳೇದಲ್ಲ.”

“ಹಾಗಾದರೆ ಕವಿತೆ ತೆಗೀತೀನಿ.”

“ಗಂಡನ್ನ ಎಬ್ಬಿಸಿ ಹೆಣ್ಣನ್ನ ಒಬ್ಬಳೇ ಕೂರಿಸ್ತೀರಾ? ಇನ್ನೂ ಚೆನ್ನಾಗಾಯ್ತು!”

ಮೇಷ್ಟ್ರ ಕೈ ಗಾಳಿಯಲ್ಲೇ ನಿಂತಿತು. ಇಟ್ಟರೆ ತಪ್ಪು, ತೆಗೆದರೂ ತಪ್ಪು. ಅವರು ಓದಿದ ಯಾವ ಪುಸ್ತಕದಲ್ಲೂ ಇಂಥ ಲೆಕ್ಕ ಇರಲಿಲ್ಲ. ಬೇರೆ ತೋಚದೆ ವೀರಬಸಪ್ಪನನ್ನು ಕರೆಸಿ ಕವಿತೆ ಓದಿಸಿದರು. ಅವನು ಕೈಕಟ್ಟಿ ನಿಂತು ಓದಿದ:

“ಕರೆದರೂ ಬಾರದೆ ಕಟ್ಟೆಯೊಳಗೇ ನಿಂತೆ,
ಬಾಗಿಲು ತೆರೆದೇನು, ಬಾ ನನ್ನ ನೆಲಕೆ.”

“ಯಾರನ್ನ ಕರೆಯಾದು ನೀನು?” ಹನುಮಂತಪ್ಪನ ಹುಬ್ಬು ಗಂಟಾಯಿತು.

“ನೀರನ್ನ ರೀ. ಗದ್ದೆ ಕರೀತೈತಿ. ನಮ್ಮೂರ ಕೆರೆ ತೂಬಿನ ಮೇಲೆ ಬರೆದದ್ದು.”

“ತೂಬಿನ ಮ್ಯಾಲೆ ಇಷ್ಟು ಪ್ರೀತಿಯಾ?”

ಕಿಟಕಿಯ ಹೊರಗೆ ನಿಂತಿದ್ದ ಹುಡುಗರು ಗೊಳ್ಳೆಂದರು. ವೀರಬಸಪ್ಪ ಕಿವಿಯವರೆಗೂ ಕೆಂಪಾದ. ತೂಬಿಗಾಗಿ ಕೆಂಪಾದನೋ ಬೇರೆ ಯಾತಕ್ಕೋ, ಸದಾಶಿವಪ್ಪನವರಿಗೆ ಬಗೆಹರಿಯಲಿಲ್ಲ.

“ನಮ್ಮವ್ವ ನೋಡ್ಲಿ,” ಎಂದ ಕೊನೆಗೆ ಹನುಮಂತಪ್ಪ. “ನಮ್ಮ ಕಡೆ ಹಸೆ ಅಂದ್ರೆ ಅವಳ ಮಾತೇ ಕೊನೆ. ಅವಳು ಸ್ಕೂಲು ಬಿಡಿಸು ಅಂದ್ರೆ ಬಿಡಿಸಿದೆ.”

ಮಾರನೆಯ ದಿನ ಎತ್ತಿನ ಗಾಡಿಯಲ್ಲಿ ಮೂಕಮ್ಮ ಬಂದಳು. ನಲವತ್ತು ವರ್ಷ ಮದುವೆ ಮನೆಗಳಿಗೆ ಹಸೆ ಬರೆದ ಕೈ ಆಕೆಯದು. ಹೆಸರಿಗೆ ಮಾತ್ರ ಮೂಕಮ್ಮ. ದಾರಿಯುದ್ದಕ್ಕೂ ಮಗನನ್ನು ಬೈಯುತ್ತಲೇ ಬಂದಿದ್ದಳು. ಓದುವ ಕೋಣೆಗೆ ಕಾಲಿಟ್ಟವಳು ಬೆಂಚಿನ ಅಂಚು ಹಿಡಿದು ಗೋಡೆಗೆ ಹತ್ತಿರ ಸರಿದು, ಬೆರಳನ್ನು ಮುಟ್ಟಿಸದೆ ಹಸೆಯ ಸುತ್ತಿನ ಬಿಳಿ ಎಳೆಯ ಜೊತೆಗೇ ಸಾಗಿಸಿದಳು. ಮೇಲೆ, ಬಲಕ್ಕೆ, ಕೆಳಗೆ. ಎಡದ ಮೂಲೆಯಲ್ಲಿ ಬೆರಳು ನಿಂತಿತು.

“ಇದು ಮುಗಿದಿಲ್ಲ,” ಎಂದಳು.

“ಎಂಥದು ಮುಗಿದಿಲ್ಲ?” ಎಂದ ಮಗ.

“ಕಣ್ಣಿಲ್ವನಾ ನಿಂಗೆ? ಸುತ್ತಿನ ಎಳೆ ಕೂಡಿಲ್ಲ. ಎಳೆ ಕೂಡದ ಹಸೆ ಹಸೆಯೇ ಅಲ್ಲ. ಅದರ ಬುಡಕ್ಕೆ ಯಾರನ್ನ ಕೂರಿಸಿದ್ರೂ ಬರೀ ಕೂತಂಗಾಯ್ತು, ಅಷ್ಟೇಯ.”

ಸದಾಶಿವಪ್ಪ ಬಗ್ಗಿ ನೋಡಿದರು. ಹೌದು, ಮೂಲೆಯಲ್ಲಿ ಎಳೆ ತುಂಡಾಗಿತ್ತು. ನಾಲ್ಕು ದಿಕ್ಕಿನಿಂದ ಅಳತೆ ಹಿಡಿದ ಅವರ ಕಣ್ಣಿಗೇ ಅದು ಬಿದ್ದಿರಲಿಲ್ಲ.

“ಅವ್ವಾ, ಇಂಥ ಕಟ್ಲೆ ನಾನು ಕೇಳೇ ಇಲ್ಲಲ್ಲೇ.”

“ನೀನು ಯಾವಾಗ ಹಸೆ ಬರ್ದಿದ್ದಿ?”

ಮೂಕಮ್ಮ ಬಾಗಿಲಲ್ಲಿ ನಿಂತಿದ್ದ ಮೊಮ್ಮಗಳತ್ತ ತಿರುಗಿದಳು. “ಯಾಕೇ, ಕೂಡಿಸ್ಲಿಲ್ಲ?”

“ಬೆಲ್ ಹೊಡೀತು ಅಜ್ಜೀ,” ಎಂದಳು ತುಂಗಮ್ಮ. ಅವಳು ಅಜ್ಜಿಯನ್ನೇ ನೋಡುತ್ತಿದ್ದಳು, ಅಜ್ಜಿ ಅವಳನ್ನೇ.

“ಸಂತೇಲಿ ಕೇಳಿದೋರಿಗೆ ನಾನು ಹೇಳ್ತೀನಿ. ಹುಡುಗಿ ಪರೀಕ್ಷೆ ಮುಗಿಸ್ಲಿ. ಅಲ್ಲೀ ತಂಕ ಇದು ಹಿಂಗೇ ಇರ್ಲಿ. ಮೇಷ್ಟ್ರೇ, ಆ ಮೂಲೆ ಯಾರೂ ಕೂಡಿಸದಂಗೆ ಕಾಯ್ಕಳಿ.”

“ಪರೀಕ್ಷೆ ತಂಕ ಅಷ್ಟೇ,” ಎಂದು ಗೊಣಗಿ ಹನುಮಂತಪ್ಪ ಗಾಡಿ ಕಟ್ಟಲು ಹೋದ. ತುಂಗಮ್ಮ ಕ್ಲಾಸಿಗೆ ಹೋದಳು.

ಕೋಣೆ ಖಾಲಿಯಾದ ಮೇಲೆ ಸದಾಶಿವಪ್ಪ ಮೊದಲು ಆ ಕಾರ್ಡನ್ನು ನಡುವೆ ಕತ್ತರಿಸಿ, ಎರಡು ಹೆಸರನ್ನೂ ಬೇರೆ ಬೇರೆ ಅಂಟಿಸಿದರು. ಆಮೇಲೆ, ಸುಮ್ಮನೆ ಇರಲಾರದೆ, ಚಿತ್ರಗಳು ಬಂದ ದಿನದ ರಿಜಿಸ್ಟರು ತೆಗೆದರು. ತುಂಗಮ್ಮನ ಚಿತ್ರದ ಎದುರು ಅವರದೇ ಅಕ್ಷರವಿತ್ತು: ‘ಮನೆಯಲ್ಲಿ ಬರೆದದ್ದು. ಬೆಳಿಗ್ಗೆ ೯-೩೦ಕ್ಕೆ ತಂದುಕೊಟ್ಟಳು.’ ಮನೆಯಲ್ಲಿ ಯಾವ ಬೆಲ್? ಹುಡುಗಿ ಬೇಕೆಂದೇ ಬಿಟ್ಟಳೋ, ಅಕ್ಕಿ ಹಿಟ್ಟು ಸಾಲದೆ ಹೋಯಿತೋ? ಮೂಕಮ್ಮ ಹೇಳಿದ ಕಟ್ಟಳೆ ನಿಜಕ್ಕೂ ಇತ್ತೋ, ಗೋಡೆಯ ಮುಂದೆ ನಿಂತಾಗ ಹುಟ್ಟಿತೋ? ಬಹಳ ಹೊತ್ತು ಯೋಚಿಸಿದರು. ಒಂದೂ ಬಗೆಹರಿಯಲಿಲ್ಲ. ಬೆಲ್ಲಿನ ಮಾತು ಸುಳ್ಳೆಂದು ತಿಳಿದೂ ಅದನ್ನು ಯಾರಿಗೂ ಹೇಳಬೇಕೆನಿಸಲಿಲ್ಲ. ಪ್ರಯೋಗಶಾಲೆಯ ಮರದ ಸ್ಕೇಲು ತಂದು, ಎಡದ ಮೂಲೆಯಲ್ಲಿ ಎಳೆಯ ಎರಡು ತುದಿಗಳ ನಡುವೆ ಹಿಡಿದು ಎರಡು ಸಲ ನೋಡಿ, ರಿಜಿಸ್ಟರಿನಲ್ಲಿ ಅದೇ ಸಾಲಿನ ಮುಂದೆ ಬರೆದರು: ‘ಬಿಟ್ಟ ಜಾಗ, ಮುಕ್ಕಾಲು ಅಂಗುಲ.’