ಬಾಲದ ರೆಕ್ಕೆಯ ಬೇರಿಂಗ್

ಅವಳು ಇನ್ನೊಮ್ಮೆ ತಿರುಗಿಸಿದಳು. ಹೆಲಿಕಾಪ್ಟರಿನ ಬಾಲದ ರೆಕ್ಕೆಗಳನ್ನು ಹೊರುವ ಉಕ್ಕಿನ ದಂಡ ಬೆಂಚಿನ ಮೇಲೆ ನುಣ್ಣಗೆ ಸುತ್ತಿತು. ಆದರೆ ಪ್ರತಿ ಸುತ್ತಿಗೂ ಒಂದೇ ಜಾಗದಲ್ಲಿ, ತುತ್ತಿನ ನಡುವೆ ಕಲ್ಲು ಸಿಕ್ಕಂತೆ, ಬೆರಳಿಗೆ ಏನೋ ತಡೆದಂತಾಗುತ್ತಿತ್ತು.

ಅದಕ್ಕೆ ಬೇರಿಂಗ್ ಕೂರಿಸಿದ್ದವನು ಅವಳ ಗಂಡ. ಅದೇ ವರ್ಕ್‌ಶಾಪಿನಲ್ಲಿ ಹದಿನಾರು ವರ್ಷದಿಂದ ಫಿಟ್ಟರ್. ಅವನು ಕೂರಿಸಿದ್ದನ್ನು ಪರೀಕ್ಷಿಸಿ ಸಹಿ ಹಾಕುವುದು ಅವಳ ಕೆಲಸ. ಈ ವರ್ಷ ಅವನ ಕೆಲಸ ಆಗಲೇ ಎರಡು ಸಲ ವಾಪಸಾಗಿತ್ತು. ಇನ್ನೊಂದಾದರೆ ಫಿಟ್ಟರ್ ಬೆಂಚು ಬಿಡಬೇಕೆಂದು ಮ್ಯಾನೇಜರ್ ಬರೆದೇ ಕೊಟ್ಟಿದ್ದರು.

"ಏನ್ ಮೇಡಂ, ಅದಕ್ಕೆ ಜೋಗುಳ ಹಾಡ್ತಾ ಇದ್ದೀರಾ?" ಗಂಡ ಕೈ ಒರೆಸಿಕೊಳ್ಳುತ್ತಾ ಬಂದ. ಕೆಲಸದ ಹೊತ್ತಿನಲ್ಲಿ ಅವಳನ್ನು ಹಾಗೇ ಕರೆಯುತ್ತಿದ್ದ.

"ಒಂದ್ಕಡೆ ತಡೀತಾ ಇದೆ ರೀ. ನೀವೇ ಮುಟ್ಟಿ ನೋಡಿ."

ಅವನು ಮುಟ್ಟಲಿಲ್ಲ. "ಮೀಟರ್ ಏನ್ ಹೇಳುತ್ತೆ?"

"ಸರಿಯಾಗಿದೆ ಅನ್ನುತ್ತೆ."

"ಮತ್ತೆ? ಮೀಟರಿಗಿಂತ ನಿನ್ ಬೆರಳು ಹೆಚ್ಚಾ?" ಸುತ್ತ ನೋಡಿ ದನಿ ತಗ್ಗಿಸಿದ. "ನನ್ ಹೊಟ್ಟೆ ಮೇಲೆ ಹೊಡೀಬೇಡ ಕಣೇ."

"ಸುತ್ತಿಗೆ ತಗೊಂಡ್ರಾ?"

ಅವನು ನೆಲ ನೋಡಿದ. "ಒತ್ತಿ ಕೂರಿಸೋ ಪ್ರೆಸ್ ಖಾಲಿ ಇರ್ಲಿಲ್ಲ. ಒಂದೇ ಏಟು. ಅದೂ ಮೆತ್ತಗೆ."

ಕೆಲಸ ವಾಪಸು ಕಳಿಸುವ ಕೆಂಪು ಚೀಟಿಯಲ್ಲಿ ಅವಳು ಕಾರಣ ಬರೆದಳು. ಫಿಟ್ಟರನ ಹೆಸರಿನ ಜಾಗಕ್ಕೆ ಬಂದಾಗ ಪೆನ್ನು ಒಂದು ಕ್ಷಣ ನಿಂತಿತು. ಆಮೇಲೆ ಅದನ್ನೂ ತುಂಬಿದಳು.

ಊಟದ ಬಿಡುವಿಗೆ ಮುಂಚೆಯೇ ಬೇರಿಂಗನ್ನು ಬಿಚ್ಚಿ ಕತ್ತರಿಸಿದರು. ಗುಂಡುಗಳು ಉರುಳುವ ದಾರಿಯ ಮೇಲೆ ಸೂಜಿಮೊನೆಯಷ್ಟು ತಗ್ಗು ಬಿದ್ದಿತ್ತು. ಮ್ಯಾನೇಜರ್ ಭೂತಗನ್ನಡಿಯಲ್ಲಿ ನೋಡಿ, "ಹಾರಿಸಿದ್ರೆ ಎಷ್ಟು ಗಂಟೆ ಬಾಳ್ತಿತ್ತೋ" ಎಂದರು.

ಸಂಜೆ ಮನೆಯಲ್ಲಿ ಅವನ ಮುಖ ನೋಡಿದ್ದೇ ಅತ್ತೆ ಕೇಳಿದರು, "ಏನಾಯ್ತೋ?"

"ನಾಳೆಯಿಂದ ಸ್ಟೋರಿಗೆ ಹಾಕಿದ್ದಾರಮ್ಮ."

"ಯಾವ ಪುಣ್ಯಾತ್ಮ ಚಾಡಿ ಹೇಳಿದ್ದು?"

ಅವಳು ತಟ್ಟೆ ಜೋಡಿಸುತ್ತಿದ್ದವಳು ಹಾಗೇ ನಿಂತಳು.

"ಚಾಡಿಯೇನಿಲ್ಲ," ಎಂದ ಅವನು, ಶರ್ಟಿನ ಗುಂಡಿ ಬಿಚ್ಚುತ್ತಾ. "ತಪ್ಪು ನಂದೇ." ಆ ರಾತ್ರಿ ಹೆಂಡತಿಯೊಡನೆ ಅವನಾಡಿದ್ದು ಒಂದೇ ಮಾತು, ದೀಪ ಆರಿಸು ಎಂದು.

ನಾಲ್ಕನೆಯ ದಿನ ಅವಳು ಪರೀಕ್ಷೆಗೆ ಒಂದು ಹೊಸ ಬೇರಿಂಗ್ ತರಲು ಸ್ಟೋರಿನ ಕಿಟಕಿಗೆ ಹೋದಳು. ಅವನು ಚೀಟಿ ಓದಿ ಒಳಗೆ ಹೋದ. ಎಣ್ಣೆಕಾಗದದ ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದು ತಂದ. ಅವಳು ಕೈಚಾಚಿದಳು. ಅವಳ ಬೆರಳುಗಳು ಅದನ್ನು ಗಟ್ಟಿಯಾಗಿ ಹಿಡಿಯುವ ತನಕ ಅವನು ಬಿಡಲಿಲ್ಲ.