ಎರಡನೆಯ ಅಂಗಿಬಟ್ಟೆ

ಈಗಲೇ ಕೇಳಿಬಿಟ್ಟರೆ? ಅಥವಾ ಊಟ ಆಗಲಿ. ಆದರೆ ಜೊತೆಯ ಆಳು ಪಕ್ಕೀರಪ್ಪ ಕೆಲಸ ಬಿಟ್ಟು ಹೊರಡುವ ದಿನವೇ ಕೇಳಿದರೆ, ಇಬ್ಬರೂ ಮಾತಾಡಿಕೊಂಡೇ ಕೈಕೊಡುತ್ತಿದ್ದಾರೆ ಅಂದುಕೊಳ್ಳುವುದಿಲ್ಲವೇ ಸಾಹುಕಾರರು? ಒಂದೇ ಸೀರೆಯನ್ನು ಬಿಚ್ಚುತ್ತ, ಮಡಚುತ್ತ ಮಾರೇಶ ಬೆಳಗಿನಿಂದ ಮನಸ್ಸಿನಲ್ಲಿ ಇದನ್ನೇ ಅರೆಯುತ್ತಿದ್ದ.

ಬಳ್ಳಾರಿಯಲ್ಲಿ ಸಾಹುಕಾರ ಇಮಾಮಹುಸೇನರ ಬಟ್ಟೆ ಅಂಗಡಿಗೆ ಸೇರಿದ ಆಳು ಅಂಗಡಿಯ ಮೇಲಿನ ಕೋಣೆಯಲ್ಲೇ ಮಲಗಬೇಕು, ಹಿಂದಿನ ಮನೆಯಲ್ಲೇ ಉಣ್ಣಬೇಕು. ಅವರ ತಂದೆಯ ಕಾಲದಿಂದ ಬಂದ ನೇಮ ಅದು. ಹಾಗಾಗಿ ಮದುವೆಯಾದರೂ ಮಾರೇಶನ ಹೆಂಡತಿ ನೇತ್ರಾ ಇನ್ನೂ ಕುರುಗೋಡಿನ ತವರಲ್ಲೇ ಇದ್ದಳು. ಈಗ ಗಾಂಧಿನಗರದಲ್ಲೊಂದು ಬಾಡಿಗೆ ಕೋಣೆ ಸಿಕ್ಕಿತ್ತು. ಸಂಜೆಯೊಳಗೆ ಹೂಂ ಅನ್ನದಿದ್ದರೆ ಅದು ಬೇರೆಯವರ ಪಾಲು. ಅದಕ್ಕೆ ಮೊದಲು ಮೇಲಿನ ಕೋಣೆ ಬಿಡಲು ಸಾಹುಕಾರರನ್ನು ಕೇಳಬೇಕು.

"ಕೇಳಿದ್ರೇನು?" ಎಂದಿದ್ದಳು ನೇತ್ರಾ, ಫೋನಿನಲ್ಲಿ.

"ಕೇಳ್ತೀನಿ."

"ನೀವು ಕೇಳೂದ್ರಾಗ ನನ್ನ ತಲಿ ಬೆಳ್ಳಗಾಗ್ತೈತಿ."

ಪಕ್ಕೀರಪ್ಪನ ತಲೆ ಆ ಮೇಲಿನ ಕೋಣೆಯಲ್ಲೇ ಬೆಳ್ಳಗಾಗಿತ್ತು. ಮೊಣಕಾಲು ಸೋತು, ಇವತ್ತು ಅವನು ರಾರಾವಿಯ ತಂಗಿ ಮನೆಗೆ ಹೊರಟಿದ್ದ. ಕೊನೆಯ ಊಟ ಬಡಿಸುತ್ತ ಸಾಹುಕಾರರ ಹೆಂಡತಿ ಖೈರುನಬಿ, "ನಿನ್ನ ಗೊರಕಿ ಇಲ್ದ ನಮಗ ನಿದ್ದಿ ಹೆಂಗ ಬರ್ತೈತಿ ಪಕ್ಕೀರಣ್ಣ?" ಎಂದರು.

"ಮಾರೇಶಗ ಕಲಿಸೇ ಹೊಂಟೀನಿ ಅಮ್ಮಾ. ಹುಡುಗ ಜಾಣ ಅದಾನ."

ಎಲ್ಲರೂ ನಕ್ಕರು. ಮಾರೇಶನೂ ನಕ್ಕ.

ಕೋಣೆ ಬಿಡುವವನಿಗೆ ಒಂದು ಅಂಗಿಬಟ್ಟೆ ಕೊಡುವುದು ಆ ಮನೆಯ ಪದ್ಧತಿ. ಅದನ್ನು ಸಾಹುಕಾರರು ಅಳೆಯುವುದಿಲ್ಲ. ಕೋಣೆಯಲ್ಲಿ ಜೊತೆಗಿದ್ದವನೇ ಮೀಟರ್ ಕಡ್ಡಿ ಮುಟ್ಟದೆ, ಕೈಯಳತೆಯಲ್ಲಿ ಹರಿದುಕೊಡಬೇಕು. ಮಾರೇಶ ಬಿಳಿ ಬಟ್ಟೆಯ ಥಾನಿನ ಅಂಚಿಗೆ ಕತ್ತರಿ ತಾಕಿಸಿ ಸರ್ರನೆ ಹರಿದ. ಅಷ್ಟಕ್ಕೆ ಕೈ ನಿಲ್ಲಲಿಲ್ಲ. ಇನ್ನೊಂದು ತುಂಡು ಹರಿದು ಮೊದಲನೆಯದರ ಪಕ್ಕಕ್ಕಿಟ್ಟ. ಎರಡು ತುಂಡು ಕಂಡರೆ ಕೋಣೆ ಬಿಡುವವರು ಇಬ್ಬರು ಎಂದು ಸಾಹುಕಾರರಿಗೆ ತಿಳಿಯದೇ? ಬಾಯಿ ತೆರೆಯುವ ಕಷ್ಟವಾದರೂ ತಪ್ಪೀತು.

ಇಮಾಮಹುಸೇನರು ಎರಡನ್ನೂ ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡರು.

"ಲೇ ಮಾರೇಶ, ನನಗ ಹೊಳಿಲೇ ಇಲ್ಲ ನೋಡು. ಇಷ್ಟು ವರ್ಷ ಇದ್ದಾವಗ ಒಂದು ಅಂಗಿ ಯಾವ ಲೆಕ್ಕ? ಎರಡೂ ಕೊಡು." ಪಕ್ಕೀರಪ್ಪನಿಂದ ಬೀಗದ ಕೈ ಇಸಿದುಕೊಂಡು ಮಾರೇಶನ ಅಂಗೈಯಲ್ಲಿಟ್ಟರು. "ಇನ್ನ ಇದು ನಿನ್ನ ಹತ್ರ ಇರ್ಲಿ. ಮ್ಯಾಲೆ ನೀ ಅದೀ ಅಂದ್ರ ನನಗ ಚಿಂತಿಲ್ಲ. ಏನೋ ಹೇಳಾಕ ಬಂದಂಗಿತ್ತಲ್ಲ?"

"ಏನಿಲ್ರಿ ಸಾವ್ಕಾರ್ರ."

ರಾರಾವಿ ಕಡೆಗೆ ಹೋಗುವ ಸಿರುಗುಪ್ಪದ ಬಸ್ಸಿನವರೆಗೆ ಮಾರೇಶ ಚೀಲ ಹೊತ್ತು ಬಂದ. ಹತ್ತುವ ಮೊದಲು ಪಕ್ಕೀರಪ್ಪ ಒಂದು ತುಂಡನ್ನು ಚೀಲದಿಂದ ಎಳೆದು ಅವನ ಹೆಗಲಿಗೆ ಹಾಕಿದ.

"ಇದು ನಂದಲ್ಲ. ಈಗರ ಹೋಗಿ ಬಾಯಿಬಿಡಲೇ. ನಾನೂ ಒಮ್ಮೆ ಹಿಂಗಾ ಸುಮ್ನಿದ್ದೆ."

ಮಾರೇಶ ಅಂಗಡಿಗೆ ಮರಳಿದ. ಸಾಹುಕಾರರು ಒಬ್ಬರೇ ಕೂತಿದ್ದರು. ಅವನ ಹೆಗಲ ಮೇಲಿನ ಬಟ್ಟೆ ನೋಡಿ, "ಬ್ಯಾಡ ಅಂದನೇನು? ಹಠಮಾರಿ ಮುದುಕ," ಎಂದು ನಕ್ಕರು. ಮಾರೇಶ ಆ ತುಂಡನ್ನು ಮಡಚಿ ಚಿಲ್ಲರೆ ತುಂಡುಗಳ ಬುಟ್ಟಿಗೆ ಹಾಕಿದ. ಜೇಬಿನಲ್ಲಿ ಫೋನು ರಿಂಗಾಗಿ ರಿಂಗಾಗಿ ಸುಮ್ಮನಾಯಿತು.

ಹೆಂಡತಿಯ ಜೊತೆ ಇರಬೇಕು, ಕೋಣೆ ಬಿಡುತ್ತೇನೆ ಎಂದು ಅವನು ಸಾಹುಕಾರರಿಗೆ ಹೇಳಲೇ ಇಲ್ಲ.