ಎರಡು ಸಲ ತುಳಿದರೆ ನಿಲ್ಲುವ ಬ್ರೇಕು

ಹಲಸೂರಿನ ಮುನಿಕೃಷ್ಣಪ್ಪನ ಮೋಟಾರು ಒಂದು ಸಲ ಬ್ರೇಕು ತುಳಿದರೆ ನಿಲ್ಲುತ್ತಿರಲಿಲ್ಲ. ಎರಡು ಸಲ ತುಳಿಯಬೇಕಾಗಿತ್ತು. ಮೊದಲ ಸಲ ಕಾಲು ತಳಕ್ಕೆ ಹೋಗಿಬಿಡುತ್ತಿತ್ತು, ಎರಡನೆಯ ಸಲ ಹಿಡಿಯುತ್ತಿತ್ತು. ಅವನಿಗೆ ಅದು ಅಭ್ಯಾಸವಾಗಿಹೋಗಿತ್ತು.

ಇದು ಎರಡನೆಯ ಮಹಾಯುದ್ಧ ಮುಗಿದ ಮಾರನೆಯ ವರ್ಷದ ಮಾತು. ಆಗಿನ ಬೆಂಗಳೂರಿನ ದಂಡು ಪ್ರದೇಶ, ಅಂದರೆ ಕಂಟೋನ್ಮೆಂಟು, ಹೇಗಿತ್ತೆಂದು ಈಗಿನವರಿಗೆ ಹೇಳಿದರೆ ನಂಬುವುದು ಕಷ್ಟ. ಹಲಸೂರಿನಿಂದ, ಹಳಬರು ಬ್ಲ್ಯಾಕ್‌ಪಲ್ಲಿ ಎನ್ನುತ್ತಿದ್ದ ಶಿವಾಜಿನಗರದವರೆಗೆ ಹೋಗಿ ಬರುವಷ್ಟರಲ್ಲಿ ನಾಲ್ಕೈದು ಮೋಟಾರು ಎದುರಾದರೆ ಹೆಚ್ಚು. ಉಳಿದದ್ದೆಲ್ಲ ಜಟಕಾ, ಎತ್ತಿನ ಗಾಡಿ, ಸೈಕಲ್ಲು. ಬೆಳಗಿನ ಗಾಳಿ ಇತ್ತ ಬೀಸಿದರೆ ಪರೇಡು ಮೈದಾನದ ಬ್ಯಾಂಡಿನ ಸದ್ದು ಹಲಸೂರು ಕೆರೆಯವರೆಗೆ ಕೇಳುತ್ತಿತ್ತು. ದೊಮ್ಮಲೂರು ಹಳ್ಳಿಯಾಗಿತ್ತು. ಇಂದಿರಾನಗರವೆಂಬ ಹೆಸರೇ ಇರಲಿಲ್ಲ. ಅಲ್ಲಿ ರಾಗಿ ಹೊಲಗಳಿದ್ದವು.

ಮುನಿಕೃಷ್ಣಪ್ಪ ಮೊದಲು ಜಟಕಾ ಹೊಡೆಯುತ್ತಿದ್ದವನು. ವಿಲಾಯತಿಗೆ ಹೊರಟಿದ್ದ ಒಬ್ಬ ಇಂಗ್ಲಿಷ್ ದೊರೆಯಿಂದ ಹಳೆಯ ಮೋಟಾರನ್ನು ಕೊಂಡು, ಅದನ್ನೇ ಬಾಡಿಗೆಗೆ ಓಡಿಸುತ್ತಿದ್ದ. ರಸೆಲ್ ಮಾರ್ಕೆಟ್ಟಿನ ಎದುರು ಅವನ ಗಾಡಿ ನಿಲ್ಲುತ್ತಿತ್ತು. ಪಕ್ಕದಲ್ಲೇ ಅಸ್ಗರನ ಗಾಡಿ. ಇಬ್ಬರೂ ಒಂದೇ ಕಾಲಕ್ಕೆ ಕುದುರೆ ಮಾರಿ ಮೋಟಾರು ಹಿಡಿದವರು. ವಯಸ್ಸಿನಲ್ಲಿ ಅಸ್ಗರ್ ಹಿರಿಯ. ಯುದ್ಧದ ಕಾಲದಲ್ಲಿ ಮಿಲಿಟರಿ ಲಾರಿ ಓಡಿಸಿ, ಗಾಡಿಯ ಒಳಗುಟ್ಟು ಕಲಿತಿದ್ದ.

ಒಂದು ದಿನ ಮುನಿಕೃಷ್ಣಪ್ಪ ಗಾಡಿ ತಂದು ನಿಲ್ಲಿಸುವುದನ್ನು ಅಸ್ಗರ್ ನೋಡುತ್ತಿದ್ದ. ಚಹಾದ ಲೋಟ ಕೆಳಗಿಟ್ಟು ಹತ್ತಿರ ಬಂದ.

"ಏನು ಕೃಷ್ಣಪ್ಪ, ಬ್ರೇಕು ತುಳೀತೀಯೋ, ನಾಟಕದ ಹಾರ್ಮೋನಿಯಂ ತುಳೀತೀಯೋ?"

"ಎರಡು ಸಲ ತುಳಿದ್ರೆ ನಿಲ್ಲುತ್ತೆ ಭಾಯ್. ನಿಲ್ಲೋದು ತಾನೆ ಮುಖ್ಯ."

ಅಸ್ಗರ್ ಬಗ್ಗಿ ಮುಂದಿನ ಚಕ್ರದ ಒಳಗೆ ಬೆರಳು ಹಾಕಿ ತೆಗೆದ. ಬೆರಳು ಒದ್ದೆಯಾಗಿತ್ತು.

"ನೋಡು ಇಲ್ಲಿ, ಇದು ನೀರಲ್ಲ. ಬ್ರೇಕಿನ ಎಣ್ಣೆ ಸೋರ್ತಾ ಇದೆ. ಇವತ್ತು ಎರಡು ಸಲಕ್ಕೆ ನಿಲ್ಲುತ್ತೆ. ಎಣ್ಣೆ ಖಾಲಿ ಆದ ದಿನ ಎಷ್ಟು ತುಳಿದ್ರೂ ನಿಲ್ಲಲ್ಲ. ನಡಿ, ಮೆಕ್ಯಾನಿಕ್ ಮುನಾವರ್ ಹತ್ರ ಹೋಗೋಣ. ಸಣ್ಣ ಕೆಲಸ, ನಾವು ಅಲ್ಲೇ ಕೂತಿದ್ದ ಹಾಗೇ ಮಾಡಿ ಕೊಡ್ತಾನೆ."

"ನಿಮಗೆ ಸಣ್ಣ ಕೆಲಸ. ನನ್ನ ಗಾಡಿ ರಿಪೇರಿಗೆ ಹೋಯ್ತು ಅಂದ್ರೆ ಆಷಾಢಕ್ಕೆ ಹೋಗಿದ್ದು ಶ್ರಾವಣಕ್ಕೆ ಬರುತ್ತೆ. ನಂಗೆ ಸಾಕಾಗಿದೆ ಭಾಯ್."

ಅವನು ಹೀಗೆ ಹೇಳಲು ಕಾರಣವಿತ್ತು. ಹಿಂದಿನ ಬೇಸಿಗೆಯಲ್ಲಿ ಎಂಜಿನ್ನು ಬಿಗಿದುಕೊಂಡು ನಿಂತುಹೋಗಿತ್ತು. ಪೇಟೆಯ ಕಡೆಯ ಒಂದು ವರ್ಕ್‌ಶಾಪಿನವನು "ಬಿಟ್ಟು ಹೋಗಿ, ನೋಡೋಣ" ಎಂದಿದ್ದ. ಏನು ಕೆಟ್ಟಿದೆ ಎಂದು ಇವನು ಕೇಳಲಿಲ್ಲ, ಅವನು ಹೇಳಲಿಲ್ಲ. ವಾರಗಟ್ಟಲೆ ಅಲೆಸಿ, ಕೊನೆಗೆ ಕೇಳಿದ ಹಣಕ್ಕೆ ಮನೆಯಲ್ಲಿ ಕೂಡಿಟ್ಟದ್ದೆಲ್ಲ ಹೋಯಿತು. ಅಂದಿನಿಂದ ರಿಪೇರಿ ಎಂಬ ಮಾತು ಕಿವಿಗೆ ಬಿದ್ದರೆ ಮುನಿಕೃಷ್ಣಪ್ಪನ ಮುಖ ಸಣ್ಣದಾಗುತ್ತಿತ್ತು. ಕೈ ಬ್ರೇಕಿನ ತಂತಿ ಕಿತ್ತುಹೋದಾಗಲೂ ಕಟ್ಟಿಸಲಿಲ್ಲ. ಗಾಡಿ ನಿಲ್ಲಿಸಿದಾಗ ಚಕ್ರಕ್ಕೆ ಒಂದು ಕಲ್ಲು ಕೊಟ್ಟರಾಯಿತು ಎಂದುಕೊಂಡ.

"ನಿನ್ನ ಕುದುರೆಗೆ ಲಾಳ ಸವೆದ್ರೆ, ಕುಂಟೋ ತನಕ ಕಾಯ್ತಿದ್ದೆಯಾ?" ಎಂದು ಅಸ್ಗರ್ ಕೇಳಿದ.

"ಕುದುರೆಗೆ ಜೀವ ಇತ್ತು. ನೋವು ಮಾಡ್ಕೊಂಡ್ರೆ ನೋಡೋಕಾಗ್ತಿರಲಿಲ್ಲ. ಇದು ಕಬ್ಬಿಣ ಭಾಯ್."

"ಒಳಗೆ ಕೂರೋರು ಕಬ್ಬಿಣ ಅಲ್ಲವಲ್ಲ," ಎಂದು ಅಸ್ಗರ್ ಬೆರಳು ಒರೆಸಿಕೊಂಡು ಹೊರಟ.

ಆ ಸಂಜೆ ಮುನಿಕೃಷ್ಣಪ್ಪನಿಗೆ ಕುದುರೆಯ ನೆನಪಾಯಿತು. ಬೆಳ್ಳಿ ಎಂದು ಹೆಸರಿಟ್ಟಿದ್ದ. ಬೆಳಿಗ್ಗೆ ಎದ್ದರೆ ಮೊದಲು ಅದರ ಕಾಲು ಎತ್ತಿ ಗೊರಸು ನೋಡುತ್ತಿದ್ದ. ಹುರುಳಿ ಬೇಯುವ ವಾಸನೆಗೆ ಅದು ಕಿವಿ ನಿಮಿರಿಸುತ್ತಿತ್ತು. ಕೆರೆಗೆ ಕರೆದೊಯ್ದು ಮೈ ತಿಕ್ಕಿದರೆ, ಹಿಂದಿರುಗುವಾಗ ತಲೆಯನ್ನು ಅವನ ಭುಜಕ್ಕೆ ಒತ್ತಿಕೊಂಡು ನಡೆಯುತ್ತಿತ್ತು. ಬಾಡಿಗೆ ಇರಲಿ ಬಿಡಲಿ, ಆ ಚಾಕರಿ ಒಂದು ದಿನವೂ ತಪ್ಪಿರಲಿಲ್ಲ. ಮೋಟಾರಿಗೆ ರೇಷನ್ ಪೆಟ್ರೋಲಿನ ಕೂಪನ್ನು ಹೊಂದಿಸುವುದು ಬಿಟ್ಟರೆ ಬೇರೇನೂ ಮಾಡುತ್ತಿರಲಿಲ್ಲ.

ಹೆಂಡತಿ ಬೈರಮ್ಮನೂ ಅಂದು ಬ್ರೇಕಿನ ಮಾತು ತೆಗೆದಳು. ಮುನಿಕೃಷ್ಣಪ್ಪನ ತಂಗಿ ಮಂಜುಳಮ್ಮ ಕೃಷ್ಣರಾಜಪುರದ ಗಂಡನ ಮನೆಯಿಂದ ಚೊಚ್ಚಲ ಹೆರಿಗೆಗೆಂದು ಬಂದಿದ್ದಳು. ದಿನ ತುಂಬುತ್ತಾ ಬಂದಿತ್ತು.

"ಅಸ್ಗರ್ ಭಾಯ್ ದಾರೀಲಿ ಸಿಕ್ಕಿದ್ರು, ಹೇಳಿದ್ರು. ಮಂಜುಳನ್ನ ಕೂರಿಸ್ಕೊಂಡು ಹೋಗೋ ಗಾಡಿ. ಒಂದ್ಸಲ ತೋರ್ಸಿ ಬನ್ನಿ ಅಂದ್ರೆ."

"ಹೆರಿಗೆ ಆಗ್ಲಿ ಬೈರಿ, ಆಮೇಲೆ ತೋರಿಸ್ತೀನಿ. ಈಗ ಗಾಡಿ ವರ್ಕ್‌ಶಾಪ್ ಒಳಗೆ ಸೇರಿಬಿಟ್ರೆ ಆಸ್ಪತ್ರೆಗೆ ಏನ್ಮಾಡೋದು?"

ಕೇಳಿದವರಿಗೆ ಸರಿ ಎನ್ನಿಸುವ ಮಾತೇ. ಬೈರಮ್ಮ ಒಲೆ ನೋಡಲು ಎದ್ದಳು.

ಆ ವಾರವೇ ಒಂದು ಬೆಳಿಗ್ಗೆ ಮಂಜುಳಮ್ಮನಿಗೆ ಸೊಂಟ ಹಿಡಿದುಕೊಂಡಂತಾಯಿತು. ಡಾಕ್ಟರಮ್ಮನಿಗೆ ತೋರಿಸಿ ಬರೋಣವೆಂದು ಹೊರಟರು. ಹಿಂದಿನ ಸೀಟಿನಲ್ಲಿ ಬೈರಮ್ಮ ಮತ್ತು ಮಂಜುಳ. ಎಳೆಬಿಸಿಲು, ತಣ್ಣನೆ ಗಾಳಿ. ಮಂಜುಳ ಕಿಟಕಿಯಾಚೆ ನೋಡುತ್ತಾ, ಚಿಕ್ಕಂದಿನಲ್ಲಿ ಅಣ್ಣ ತನ್ನನ್ನು ಜಟಕಾದ ಮುಂದೆ ಕೂರಿಸಿಕೊಂಡು ಇದೇ ದಾರಿಯಲ್ಲಿ ಕರೆದೊಯ್ಯುತ್ತಿದ್ದುದನ್ನು ಅತ್ತಿಗೆಗೆ ಹೇಳುತ್ತಿದ್ದಳು.

ಕೆರೆಯ ಪಕ್ಕದ ಇಳಿಜಾರಿಗೆ ಬಂದಾಗ ಕೆಳಗೆ ಎಮ್ಮೆಗಳ ಹಿಂಡು ರಸ್ತೆ ದಾಟುತ್ತಿತ್ತು. ಜೊತೆಯಲ್ಲಿ ಕೋಲೂರಿಕೊಂಡು ಒಬ್ಬ ಮುದುಕ. ಮುನಿಕೃಷ್ಣಪ್ಪ ಬ್ರೇಕು ತುಳಿದ. ಕಾಲು ತಳಕ್ಕೆ ಹೋಯಿತು. ಮತ್ತೆ ತುಳಿದ. ಮತ್ತೆ ತಳಕ್ಕೇ ಹೋಯಿತು. ಮೂರನೆಯ ಸಲವೂ ಹಾಗೆಯೇ. ಗೇರು ಇಳಿಸಲು ನೋಡಿದ. ಅದು ಕರಕರ ಎಂದಿತೇ ಹೊರತು ಕೂರಲಿಲ್ಲ. ಕೈ ಅಭ್ಯಾಸಬಲದಿಂದ ಕೈ ಬ್ರೇಕಿಗೆ ಹೋಯಿತು. ಅದರ ತಂತಿ ಎಂದೋ ಕಿತ್ತುಹೋಗಿತ್ತು.

"ಅಣ್ಣ, ನಿಲ್ಲಿಸು," ಎಂದಳು ಮಂಜುಳ. ಅವಳ ದನಿ ಮೆಲ್ಲಗಿತ್ತು.

ಅವನು ಹಾರನ್ನು ಒತ್ತಿಯೇ ಒತ್ತಿದ. ಮುದುಕ ತಿರುಗಿ ನೋಡಿ, ನೋಡಿದಲ್ಲೇ ನಿಂತುಬಿಟ್ಟ. ಎಡಗಡೆ ಕೆರೆಯ ಹೂಳು ತೆಗೆದು ರಾಶಿ ಹಾಕಿದ್ದರು. ಮುನಿಕೃಷ್ಣಪ್ಪ ಗಾಡಿಯನ್ನು ಆ ರಾಶಿಯ ಕಡೆಗೆ ತಿರುಗಿಸಿದ. ದಡ್ಡನೆ ಸದ್ದಾಯಿತು. ಗಾಡಿಯ ಮೂತಿ ಮಣ್ಣಿನೊಳಗೆ ಹೊಕ್ಕು, ಅಲ್ಲಿದ್ದ ಕಲ್ಲಿಗೆ ಬಡಿದು ನಿಂತಿತು. ರೇಡಿಯೇಟರಿನಿಂದ ಬಿಸಿ ಆವಿ ಎದ್ದಿತು.

ಅವನು ತಿರುಗಿ ನೋಡಿದ. ಬೈರಮ್ಮ ನಾದಿನಿಯನ್ನು ಎರಡೂ ಕೈಯಲ್ಲಿ ಬಾಚಿ ಹಿಡಿದಿದ್ದಳು. ಬೈರಮ್ಮನ ಹಣೆಯಿಂದ ರಕ್ತ ಇಳಿಯುತ್ತಿತ್ತು. ಮಂಜುಳ ಹೊಟ್ಟೆ ಹಿಡಿದುಕೊಂಡು, ಬಾಯಿ ತೆರೆದು, ಮುಂದಕ್ಕೆ ಬಾಗಿದ್ದಳು. ಹೆರಿಗೆ ನೋವು ಶುರುವಾಗಿತ್ತು.

ದಾರಿಯಲ್ಲಿ ಹೋಗುತ್ತಿದ್ದ ಜಟಕಾದವನೊಬ್ಬ ಗಾಡಿ ನಿಲ್ಲಿಸಿ ಹೆಂಗಸರನ್ನು ಹತ್ತಿಸಿಕೊಂಡ. ಮುನಿಕೃಷ್ಣಪ್ಪ ತಂಗಿಯ ಕೈ ಹಿಡಿದುಕೊಂಡು ಸ್ವಲ್ಪ ದೂರ ಪಕ್ಕದಲ್ಲೇ ಓಡಿದ. ಆಮೇಲೆ ಕೈ ತಪ್ಪಿತು. ಹಿಂದೆ ಹಿಂದೆ ಓಡಿದ.

ಜಟಕಾ ಹೋಗಿ ನಿಂತದ್ದು ಹೆಂಗಸರ ಆಸ್ಪತ್ರೆಯ ಮುಂದೆ, ಅಲ್ಲಿ ಗಂಡಸರನ್ನು ಒಳಗೆ ಬಿಡುತ್ತಿರಲಿಲ್ಲ. ಗೇಟಿನ ಹೊರಗೆ ಮರದ ಕೆಳಗೆ ಕೂತ. ಸುದ್ದಿ ತಿಳಿದು ಅಸ್ಗರ್ ಬಂದ. ಪಕ್ಕದಲ್ಲಿ ಕೂತುಕೊಂಡ. ಬೀಡಿ ಹಚ್ಚಿ ಕೊಟ್ಟ. ಅದು ಮುನಿಕೃಷ್ಣಪ್ಪನ ಬೆರಳ ನಡುವೆ ಹಾಗೇ ಆರಿತು.

"ಭಾಯ್, ಅವಳಿಗೇನಾದ್ರೂ ಆದ್ರೆ ಬಾವನಿಗೆ ಏನಂತ ಹೇಳ್ಲಿ? ದುಡ್ಡು ಉಳಿಸೋಕೆ ಹೋದೆ ಅಂತ ಹೇಳ್ಲಾ?"

"ಏನೂ ಆಗಲ್ಲ. ಅಲ್ಲಾನೂ ಇದಾನೆ, ನಿಮ್ಮ ಮುನೇಶ್ವರನೂ ಇದಾನೆ. ಸುಮ್ನೆ ಕೂತ್ಕೋ."

ಮಧ್ಯಾಹ್ನದ ಬಿಸಿಲು ಇಳಿಯುವ ಹೊತ್ತಿಗೆ ಬೈರಮ್ಮ ಹೊರಗೆ ಬಂದಳು. ಹಣೆಗೆ ಪಟ್ಟಿ ಕಟ್ಟಿದ್ದರು.

"ಹೆಣ್ಣು ಮಗು. ಇಬ್ರೂ ಚೆನ್ನಾಗಿದಾರೆ," ಎಂದಳು.

ಮುನಿಕೃಷ್ಣಪ್ಪ ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಅತ್ತ. ಅಸ್ಗರ್ ಬೇರೆ ಕಡೆ ತಿರುಗಿ, ಮರದ ಮೇಲಿನ ಗಿಳಿಗಳನ್ನು ನೋಡುತ್ತಾ ನಿಂತ.

ಮಾರನೆಯ ದಿನ ಮುನಿಕೃಷ್ಣಪ್ಪ, ಅಸ್ಗರ್ ಇಬ್ಬರೂ ಸೇರಿ ಎತ್ತುಗಳನ್ನು ಕಟ್ಟಿ ಗಾಡಿಯನ್ನು ಎಳೆಸಿ ಶಿವಾಜಿನಗರದ ಮುನಾವರನ ವರ್ಕ್‌ಶಾಪಿಗೆ ಒಯ್ದರು. ಬೈರಮ್ಮ ತಾನೂ ಬರುತ್ತೇನೆಂದು ಹಟ ಹಿಡಿದು ಬಂದಳು. ಮುನಾವರ್ ಚಕ್ರ ಬಿಚ್ಚಿ, ಒಳಗಿನಿಂದ ಒಂದು ರಬ್ಬರ್ ವಾಷರನ್ನು ತೆಗೆದು ಅಂಗೈ ಮೇಲಿಟ್ಟು ತೋರಿಸಿದ. ಅದು ಹಲಸಿನ ಬೀಜಕ್ಕಿಂತ ದೊಡ್ಡದಿರಲಿಲ್ಲ. ಅಂಚು ಹರಿದಿತ್ತು.

"ಇದರಿಂದಾನೇ ಎಣ್ಣೆ ಸೋರಿದ್ದು. ಅವತ್ತೇ ಬಂದಿದ್ರೆ ಇದೊಂದು ಹಾಕಿ, ಎಣ್ಣೆ ತುಂಬಿಸಿ ಕಳಿಸ್ತಿದ್ದೆ. ಎರಡು ರೂಪಾಯಿನೂ ಆಗ್ತಿರಲಿಲ್ಲ. ಈಗ ರೇಡಿಯೇಟರ್ ಹೋಗಿದೆ, ಮುಂದಿನ ಆಕ್ಸಲ್ ಬಗ್ಗಿದೆ, ಮಡ್ಗಾರ್ಡ್ ಚಪ್ಪಟೆ ಆಗಿದೆ."

ಮುನಿಕೃಷ್ಣಪ್ಪ ತಲೆ ತಗ್ಗಿಸಿ, "ಬಿಟ್ಟು ಹೋಗ್ತೀನಿ, ನೋಡಿ ಮಾಡಪ್ಪ," ಎಂದ.

ಬೈರಮ್ಮ ಮುಂದೆ ಬಂದಳು.

"ಹಾಗೆ ಬಿಟ್ಟು ಹೋಗೋದು ಬೇಡ. ನಾನು ರವಿಕೆ ಹೊಲಿಯೋಕೆ ಕೊಟ್ರೂ ಬಟ್ಟೆ ಎಷ್ಟು, ಕೂಲಿ ಎಷ್ಟು ಅಂತ ಮೊದ್ಲೇ ಕೇಳ್ತೀನಿ. ಮುನಾವರಣ್ಣ, ಸಾಮಾನಿಗೆ ಎಷ್ಟಾಗುತ್ತೆ, ನಿಮ್ಮ ಕೈಕೂಲಿ ಎಷ್ಟು, ಬೇರೆ ಬೇರೆ ಹೇಳಿ. ಯಾವಾಗ ಕೊಡ್ತೀರಾ ಅದನ್ನೂ ಹೇಳಿ."

ಮುನಾವರನಿಗೆ ಬೇಸರವಾಗಲಿಲ್ಲ. "ಹೀಗೆ ಕೇಳಿದ್ರೆ ನಮಗೂ ಒಳ್ಳೇದು ಅಕ್ಕ. ಆಮೇಲೆ ಜಗಳ ಇರಲ್ಲ," ಎಂದು ಒಂದೊಂದನ್ನೇ ಹೇಳಿದ. ಹೊಸ ರೇಡಿಯೇಟರ್ ಈಗ ಸಿಗುವುದು ಕಷ್ಟ, ಹಳೆಯದನ್ನೇ ಬೆಸುಗೆ ಹಾಕಿದರೆ ನಡೆಯುತ್ತದೆ ಎಂದ. ಮಡ್ಗಾರ್ಡಿನ ತಗ್ಗು ನೋಡಲು ಚೆನ್ನಾಗಿರುವುದಿಲ್ಲ ಅಷ್ಟೇ, ಓಡಲು ತೊಂದರೆಯಿಲ್ಲ, ಅದು ಕಾಯಬಹುದು. ಬ್ರೇಕು, ಕೈ ಬ್ರೇಕು, ಆಕ್ಸಲ್ ಮಾತ್ರ ಕಾಯುವಂತಿಲ್ಲ.

"ಬಿಚ್ಚಿದ ಮೇಲೆ ಬೇರೇನಾದ್ರೂ ಕೆಟ್ಟಿರೋದು ಕಾಣಿಸಿದ್ರೆ?" ಎಂದು ಅಸ್ಗರ್ ಕೇಳಿದ.

"ಹೇಳಿ ಕಳಿಸ್ತೀನಿ. ನೀವು ಹೂಂ ಅಂದ ಮೇಲೇ ಕೈ ಹಚ್ಚೋದು. ತೆಗೆದ ಹಳೇ ಸಾಮಾನೆಲ್ಲ ನಿಮಗೇ ಕೊಡ್ತೀನಿ, ನೋಡ್ಕೊಳ್ಳಿ."

ಮುನಿಕೃಷ್ಣಪ್ಪ ಕೇಳಿಸಿಕೊಳ್ಳುತ್ತಾ ನಿಂತಿದ್ದ. ಪೇಟೆಯಲ್ಲಿ ತಾನು ಇದರಲ್ಲಿ ಒಂದನ್ನೂ ಕೇಳಿರಲಿಲ್ಲ. ಹಿಂದಿನ ಬೇಸಿಗೆಯಲ್ಲಿ ಎಂಜಿನ್ನು ಕೆಟ್ಟದ್ದು ಏಕೆಂದು ಈಗ ಮುನಾವರನನ್ನು ಕೇಳಿದ. ಎಂಜಿನ್ ಎಣ್ಣೆ ಬದಲಾಯಿಸಿದ್ದು ಯಾವಾಗ ಎಂದು ಮುನಾವರ್ ತಿರುಗಿ ಕೇಳಿದ. ಮುನಿಕೃಷ್ಣಪ್ಪನಿಗೆ ನೆನಪಾಗಲಿಲ್ಲ. ಬದಲಾಯಿಸಿಯೇ ಇರಲಿಲ್ಲ.

ಗಾಡಿ ಹೇಳಿದ ಹೊತ್ತಿಗೆ ತಯಾರಾಯಿತು. ಹೇಳಿದಷ್ಟೇ ಹಣವಾಯಿತು. ಅದು ಸಣ್ಣ ಮೊತ್ತವೇನಲ್ಲ. ತೀರಿಸಲು ಆ ವರ್ಷದ ದೀಪಾವಳಿಗೆ ಮನೆಯಲ್ಲಿ ಹೊಸ ಬಟ್ಟೆ ತರಲಿಲ್ಲ. ಆದರೆ ಅಂದಿನಿಂದ ಪ್ರತಿ ಬಾಡಿಗೆಯಲ್ಲೂ ಒಂದೆರಡಾಣೆ ಗಾಡಿಯ ಹೆಸರಿನಲ್ಲಿ ತೆಗೆದಿಡುವುದನ್ನು ಬೈರಮ್ಮ ರೂಢಿ ಮಾಡಿದಳು. ಮುನಿಕೃಷ್ಣಪ್ಪ ಬೆಳಿಗ್ಗೆ ಎದ್ದು ಗಾಡಿಯ ಸುತ್ತ ಬಂದು, ಬಗ್ಗಿ ಚಕ್ರದ ಒಳಗೆ ನೋಡಿ, ಎಣ್ಣೆ ನೀರು ನೋಡಿ, ಬ್ರೇಕು ತುಳಿದು ನೋಡಿದ ಮೇಲೆಯೇ ಹೊರಡುತ್ತಿದ್ದ. ಒಂದು ಲೋಟ ಕಾಫಿ ಆರುವಷ್ಟು ಹೊತ್ತಿನ ಕೆಲಸ.

ಬಾಣಂತನ ಮುಗಿಸಿ ಮಂಜುಳ ಗಂಡನ ಮನೆಗೆ ಹೊರಡುವ ದಿನ ಬಂತು. ಮಗುವನ್ನು ಎತ್ತಿಕೊಂಡು ಬಂದವಳು ಗಾಡಿಯ ಬಾಗಿಲ ಹತ್ತಿರ ನಿಂತಳು. ಹತ್ತಲಿಲ್ಲ.

"ಜಟಕಾ ತರ್ಲಾ ಮಂಜುಳಾ?" ಎಂದು ಮುನಿಕೃಷ್ಣಪ್ಪನೇ ಕೇಳಿದ. "ನಂಗೇನೂ ಬೇಜಾರಿಲ್ಲ."

ಅವಳು ಮಗುವನ್ನು ಇನ್ನೊಂದು ತೋಳಿಗೆ ಬದಲಿಸಿಕೊಂಡಳು.

"ಅಣ್ಣ, ಒಂದ್ಸಲ ಓಡಿಸಿ, ನಿಲ್ಲಿಸಿ ತೋರ್ಸು."

ಅವನು ಬೀದಿಯ ತುದಿಯವರೆಗೆ ಹೋಗಿ, ತಿರುಗಿಸಿಕೊಂಡು ಬಂದು ಅವಳ ಮುಂದೆ ಬ್ರೇಕು ತುಳಿದ. ಗಾಡಿ ನಿಂತಿತು.

"ಇನ್ನೊಂದ್ಸಲ."

ಅವನು ಮತ್ತೆ ಹೋಗಿ ಬಂದ. ಅಕ್ಕಪಕ್ಕದವರು ಬಾಗಿಲಿಗೆ ಬಂದು ನೋಡುತ್ತಿದ್ದರು. ಅವನಿಗೆ ನಾಚಿಕೆಯಾಗಲಿಲ್ಲ. ಅವಳು ಹತ್ತು ಸಲ ಹೇಳಿದ್ದರೂ ಹತ್ತು ಸಲ ಹೋಗಿ ಬರುತ್ತಿದ್ದ. ಮಂಜುಳ ಸೆರಗನ್ನು ಮಗುವಿನ ತಲೆಯ ಮೇಲೆ ಎಳೆದು, ಹಿಂದಿನ ಸೀಟಿನಲ್ಲಿ ಹೋಗಿ ಕೂತಳು.

"ನಡಿ ಅಣ್ಣ, ಹೋಗೋಣ," ಎಂದಳು.

ಓದುತ್ತಿರುವ ನಿಮ್ಮ ಮನೆಯ ಮುಂದೆಯೂ ಕಾರೋ, ಆಟೋವೋ, ಸ್ಕೂಟರೋ ನಿಂತಿರಬಹುದು. ಅದರಲ್ಲಿ ಏನೋ ಸದ್ದು, ಎಲ್ಲೋ ಸೋರಿಕೆ ಇದ್ದು, ಮುಂದಿನ ತಿಂಗಳು ನೋಡೋಣ ಎಂದುಕೊಂಡಿರಬಹುದು. ಮುಂದಿನ ತಿಂಗಳು ಬೇಡ, ಈ ವಾರವೇ ತೋರಿಸಿ. ಏನು ಕೆಟ್ಟಿದೆ, ಎಷ್ಟಾಗುತ್ತದೆ ಎಂದು ಮೊದಲೇ ಕೇಳಿ, ಕೇಳುವುದರಲ್ಲಿ ಸಂಕೋಚವಿಲ್ಲ. ಕೈಯಲ್ಲಿ ಹಣ ಕಡಿಮೆಯಿದ್ದರೆ ಬಣ್ಣ, ಹೊಳಪು ಕಾಯಲಿ. ಬ್ರೇಕು ಕಾಯಿಸಬೇಡಿ. ನಿಮ್ಮನ್ನು ನಂಬಿ ಹಿಂದೆ ಕೂರುವವರು ನಿಮ್ಮ ಮನೆಯವರೇ.